ಸೆಟ್ಟಿಂಗ್ ಪೀಸ್

ಅವರು ನನ್ನೊಂದಿಗೆ ಆಡಿದ ಮೊದಲ ಮಾತು ನನ್ನ ಫ್ರಿಜ್ಜಿನ ಬಗ್ಗೆ.

ಪೀಣ್ಯದ ಒಳರಸ್ತೆಯೊಂದರಲ್ಲಿ ನಮ್ಮದು ಮೂರು ಮಹಡಿಯ ಬಾಡಿಗೆ ಕಟ್ಟಡ. ಎರಡನೇ ಮಹಡಿಯಲ್ಲಿ ನಾನೊಬ್ಬಳೇ, ಕೆಳಗಿನ ಮನೆಯಲ್ಲಿ ಅವರು ಮತ್ತು ಅವರ ಹೆಂಡತಿ. ಹತ್ತಿರದ ಪಂಪು ತಯಾರಿಸುವ ಕಂಪನಿಯ ಪರ್ಚೇಸ್ ವಿಭಾಗದಲ್ಲಿ ನನಗೆ ಕೆಲಸ. ಅದು ಹೊಟ್ಟೆಪಾಡು. ಪಾಡ್‌ಕಾಸ್ಟ್ ನನ್ನ ಹುಚ್ಚು. ಕಂಡಕ್ಟರು, ಟೈಲರು, ಲಿಫ್ಟ್ ರಿಪೇರಿಯವರು, ಆಸ್ಪತ್ರೆಯ ಆಯಾ, ಹೀಗೆ ದುಡಿಯುವ ಒಬ್ಬೊಬ್ಬರನ್ನೂ ಭಾನುವಾರ ಮನೆಗೆ ಕರೆದು, ಕಾಫಿ ಕೊಟ್ಟು, ಅವರ ಕೆಲಸದ ಬಗ್ಗೆ ಮಾತಾಡಿಸಿ ರೆಕಾರ್ಡ್ ಮಾಡಿ ಹಾಕುತ್ತೇನೆ. ಆಗಿನ್ನೂ ನಾಲ್ಕೈದು ಕಂತು ಆಗಿತ್ತಷ್ಟೆ. ಕೇಳುತ್ತಿದ್ದವರು ನನ್ನ ಆಫೀಸಿನವರು, ನನ್ನ ಅಕ್ಕ, ಅವಳ ಬಲವಂತಕ್ಕೆ ನನ್ನ ಭಾವ.

ಒಂದು ಸಂಜೆ ಮೆಟ್ಟಿಲ ಹತ್ತಿರ ಅವರು ನನ್ನನ್ನು ನಿಲ್ಲಿಸಿದರು.

"ತಂಗಿ, ನಿನ್ನ ಕಾರ್ಯಕ್ರಮ ಕೇಳಿದ್ನಿ. ನಮ್ಮ ಅಳಿಯ ಅವನ ಮೊಬೈಲಿನಾಗ ಹಚ್ಚಿ ಕೊಟ್ಟಿದ್ದ. ಇಬ್ರು ಮಾತಾಡತೀವಿ ಅಂತ ಹೇಳತಿ, ಆದ್ರ ಅದರಾಗ ಮೂರು ಮಂದಿ ಅದಾರಲ್ಲ."

"ಮೂರನೆಯವರು ಯಾರು ಅಂಕಲ್?"

"ನಿನ್ನ ಫ್ರಿಜ್ಜು."

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಪರಿಚಯವೇ ಇಲ್ಲದ ಮುದುಕರು ಬಂದು ತಪ್ಪು ಎತ್ತಿ ಆಡುವುದೆಂದರೇನು ಎಂದುಕೊಂಡು ಧಡಧಡ ಮೇಲೆ ಹತ್ತಿ ಬಾಗಿಲು ಹಾಕಿಕೊಂಡೆ. ಆಮೇಲೆ ಹೆಡ್‌ಫೋನ್ ಹಾಕಿಕೊಂಡು ಹಳೆಯ ಕಂತು ಕೇಳಿದೆ. ಟೈಲರಣ್ಣ ತನ್ನ ಅಪ್ಪ ಸತ್ತ ದಿನದ ಕಥೆ ಹೇಳುತ್ತಿದ್ದಾನೆ, ಹಿಂದೆ ನನ್ನ ಫ್ರಿಜ್ಜು ಗುಂಯ್ ಎಂದು ರಾಗ ಹಿಡಿದಿದೆ. ಅಷ್ಟು ದಿನ ಅದು ನನ್ನ ಕಿವಿಗೆ ಬಿದ್ದೇ ಇರಲಿಲ್ಲ. ಮರುದಿನ ಬೆಳಿಗ್ಗೆ ಅವರ ಮನೆ ಬಾಗಿಲಿಗೆ ಹೋಗಿ ನಿಂತೆ.

"ಬಾ ಒಳಗ," ಅಂದರು. "ಮತ್ತ ಆ ಅಂಕಲ್ ಒಂದು ಬಿಡು. ಬ್ಯಾಂಕಿನಾಗ ಕರದಂಗ ಆಗತೈತಿ. ಕಾಕಾ ಅನ್ನು."

ಹೀಗೆ ಅವರು ಕಾಕಾ ಆದರು, ಅವರ ಹೆಂಡತಿ ಕಾಕು ಆದರು. ಬಾಗಲಕೋಟೆಯ ಕಡೆಯವರು. ಮದುವೆಯಾದ ವರ್ಷವೇ ಇಬ್ಬರೂ ಒಂದು ಟ್ರಂಕು ಹೊತ್ತುಕೊಂಡು ಪೀಣ್ಯಕ್ಕೆ ಬಂದವರಂತೆ. ಒಬ್ಬಳೇ ಮಗಳು, ಚಿಕ್ಕಬಾಣಾವರದಲ್ಲಿ ಗಂಡನ ಮನೆ. ಕಾಕಾ ಯಂತ್ರಗಳ ಗಿಯರ್ ತಯಾರಿಸುವ ವರ್ಕ್‌ಶಾಪಿನಲ್ಲಿ ಲೇತ್ ಮುಂದೆ ನಿಂತು ನಿಂತೇ ಮುದುಕರಾದವರು. ನಿವೃತ್ತರಾಗುವ ಹೊತ್ತಿಗೆ ಅವರು ಸೆಟ್ಟರ್ ಆಗಿದ್ದರು. ಹೊಸ ಮಾಲು ಶುರುವಾಗುವ ಮುಂಚೆ ಯಂತ್ರವನ್ನು ಅಳತೆಗೆ ಹೊಂದಿಸಿ ಕೊಡುವವನು ಸೆಟ್ಟರ್. ಅವನು ಹೊಂದಿಸಿ ಕೊಟ್ಟ ಮೇಲೆ ಬೇರೆಯವರು ಓಡಿಸುತ್ತಾ ಹೋಗುತ್ತಾರೆ.

ಗಿಡ್ಡ ಆಸಾಮಿ. ಅರ್ಧ ತೋಳಿನ ಅಂಗಿ, ಜೇಬಿನಲ್ಲಿ ಯಾವಾಗಲೂ ಒಂದು ಸಣ್ಣ ಸ್ಕ್ರೂಡ್ರೈವರ್. ಎಡಗಿವಿಯನ್ನು ಪಕ್ಕದ ಶೆಡ್ಡಿನ ಪವರ್ ಪ್ರೆಸ್ಸಿನ ಸದ್ದು ತಿಂದು ಹಾಕಿತ್ತು. ಹಾಗಾಗಿ ಯಾರು ಮಾತಾಡಿದರೂ ಕೋಳಿ ಕಾಳು ನೋಡುವಂತೆ ತಲೆ ವಾಲಿಸಿ ಬಲಗಿವಿ ಮುಂದೆ ಮಾಡುತ್ತಿದ್ದರು. ಉಳಿದ ಆ ಒಂದು ಕಿವಿ ಸಾಮಾನ್ಯದ್ದಲ್ಲ. ನನ್ನ ಮನೆಗೆ ಬಂದ ಮೊದಲ ದಿನವೇ ಸ್ಟೂಲು ಹತ್ತಿ, ಓಡುತ್ತಿದ್ದ ಸೀಲಿಂಗ್ ಫ್ಯಾನಿನ ರಾಡಿಗೆ ಸ್ಕ್ರೂಡ್ರೈವರಿನ ತುದಿ ಇಟ್ಟು, ಹಿಡಿಯನ್ನು ಕಿವಿಗೆ ಒತ್ತಿಕೊಂಡರು. ನಾನು ಬೀಳ್ತೀರಾ ಬೀಳ್ತೀರಾ ಎಂದು ಕೂಗುತ್ತಲೇ ಇದ್ದೆ.

"ಬೇರಿಂಗ್ ಒಣಗೈತಿ," ಅಂದರು ಇಳಿಯುತ್ತಾ. "ಇನ್ನ ಆರು ತಿಂಗಳು ಬಂದ್ರ ದೊಡ್ಡದು." ಐದನೇ ತಿಂಗಳಿಗೆ ಫ್ಯಾನು ನಿಂತಿತು.

ಆಮೇಲಿನ ಎರಡು ವರ್ಷ ನನ್ನ ಪಾಡ್‌ಕಾಸ್ಟಿನ ಶಬ್ದವನ್ನು ಅವರೇ ರಿಪೇರಿ ಮಾಡಿದರು. ಪಾಡ್‌ಕಾಸ್ಟ್ ಎಂದು ಕೊನೆಯವರೆಗೂ ಅವರು ಅನ್ನಲಿಲ್ಲ, ಕಾರ್ಯಕ್ರಮ ಅಂತಲೇ ಅನ್ನುತ್ತಿದ್ದರು. ಮೊದಲು ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ, ತಲೆ ವಾಲಿಸಿ ಕೇಳಿದರು. ಬರಿಯ ಗೋಡೆ, ಟೈಲ್ಸ್ ನೆಲ, ಖಣ್ಣನೆ ತಿರುಗಿ ಬಂತು. "ನೀ ಅಂದಿದ್ದನ್ನ ಗೋಡಿ ಇನ್ನೊಮ್ಮೆ ಅನ್ನಾಕತ್ತೈತಿ. ಅದರ ಬಾಯಿ ಮುಚ್ಚಸಬೇಕು," ಅಂದವರೇ ಕೆಳಗೆ ಹೋಗಿ ಕಾಕು ಹಳೇ ಸೀರೆಗಳಿಂದ ಹೊಲಿದಿಟ್ಟಿದ್ದ ನಾಲ್ಕು ಕೌದಿ ಹೊತ್ತು ತಂದು ಗೋಡೆಗೆ ಮೊಳೆ ಹೊಡೆದು ನೇತು ಹಾಕಿದರು. ಮೈಕನ್ನು ನಾನು ಮೇಜಿನ ಆಚೆ ತುದಿಯಲ್ಲಿ ಇಡುತ್ತಿದ್ದೆ. ಅದನ್ನು ಬಾಯಿಂದ ಒಂದು ಗೇಣು ದೂರಕ್ಕೆ ತಂದು, ಸ್ವಲ್ಪ ಓರೆ ಮಾಡಿ ನಿಲ್ಲಿಸಿದರು. ನೇರ ಇಟ್ಟರೆ ಪ, ಬ ಅಂದಾಗಲೆಲ್ಲ ಉಸಿರು ಹೋಗಿ ಬಡಿಯುತ್ತದೆ ಅಂತ. ತಮ್ಮ ಹಳೆಯ ವರ್ಕ್‌ಶಾಪಿನ ಗೆಳೆಯರಿಂದ ಭಾರದ ಕಬ್ಬಿಣದ ಸ್ಟ್ಯಾಂಡು ಮಾಡಿಸಿ ತಂದರು. ಅದನ್ನು ಎತ್ತಲು ಈಗಲೂ ನನಗೆ ಎರಡು ಕೈ ಬೇಕು.

ಫ್ರಿಜ್ಜು ಆರಿಸುವುದು ಸುಲಭ, ಮತ್ತೆ ಹಾಕುವುದು ನೆನಪಿರಬೇಕಲ್ಲ. ಎರಡು ಸಲ ಹಾಲು ಒಡೆಯಿತು, ಒಂದು ಸಲ ಅಕ್ಕ ಕಳಿಸಿದ್ದ ಹೋಳಿಗೆ ಹಳಸಿತು. ಮೂರನೇ ಸಲ ಫ್ರಿಜ್ಜು ಆರಿಸಿದಾಗ, ಹೊರಡುವ ಮುಂಚೆ ಅದು ನೆನಪಾಗಲೆಂದು, ಕಾಕಾ ನನ್ನ ಸ್ಕೂಟರಿನ ಕೀಲಿಯನ್ನು ಫ್ರಿಜ್ಜಿನ ಒಳಗೆ ಮೊಸರಿನ ಪಕ್ಕ ಇಟ್ಟರು. "ಈಗ ಎಲ್ಲಿ ಹೋಗತಿ ಹೋಗು ನೋಡೋಣು," ಅಂದರು.

ಪೀಣ್ಯದಲ್ಲಿ ಕೂತು ರೆಕಾರ್ಡ್ ಮಾಡುವುದೆಂದರೆ ಸಂತೆಯಲ್ಲಿ ಕೂತು ಜಪ ಮಾಡಿದಂತೆ. ಭಾನುವಾರವೂ ಹಿಂದಿನ ಬೀದಿಯ ಪ್ರೆಸ್ಸು ಓವರ್‌ಟೈಮಿನಲ್ಲಿ ಧಡ್ ಧಡ್ ಎನ್ನುತ್ತಲೇ ಇರುತ್ತಿತ್ತು. ನಾನಾದರೆ ಹೋಗಿ ಜಗಳ ಆಡಿ ಬರುತ್ತಿದ್ದೆ. ಕಾಕಾ ಹೋಗಿ ಅಲ್ಲಿಯವರ ಟೀ ಹೊತ್ತು ಕೇಳಿಕೊಂಡು ಬಂದರು. ಹಿಂದಿನ ಶೆಡ್ಡಿಗೆ ಹತ್ತೂವರೆಗೆ ಟೀ, ಹನ್ನೆರಡೂವರೆಗೆ ಊಟ. ಮೂಲೆಯ ಗ್ರೈಂಡಿಂಗ್ ಶೆಡ್ಡಿಗೆ ಹತ್ತೂಮುಕ್ಕಾಲಿಗೆ ಟೀ, ಊಟ ಮಾತ್ರ ಅದೇ ಹೊತ್ತಿಗೆ. ಎರಡೂ ಒಟ್ಟಿಗೆ ಸುಮ್ಮನಾಗುವುದು ಊಟದ ಅರ್ಧ ಗಂಟೆ ಮಾತ್ರ. ನನ್ನ ಅತಿಥಿಗಳೆಲ್ಲ ತಮ್ಮ ಜೀವನದ ಕಥೆಯನ್ನು ಬೇರೆಯವರ ಊಟದ ಬಿಡುವಿನಲ್ಲಿ ಹೇಳಿ ಮುಗಿಸಿದವರೇ.

ಅತಿಥಿ ಬರುವ ಮೊದಲು ಮೈಕಿನ ಲೆವೆಲ್ ಹೊಂದಿಸಿಕೊಳ್ಳಬೇಕು. ಲ್ಯಾಪ್‌ಟಾಪ್ ತೆರೆಯ ಮೇಲೆ ಪಟ್ಟಿಯೊಂದು ದನಿಗೆ ತಕ್ಕಂತೆ ಏರುತ್ತಾ ಇಳಿಯುತ್ತಾ ಇರುತ್ತದೆ. ಹಸಿರು ಇದ್ದರೆ ಸರಿ, ಹಳದಿ ಮುಟ್ಟಿದರೂ ನಡೆಯುತ್ತದೆ, ಕೆಂಪಿಗೆ ಹೋದರೆ ದನಿ ಒಡೆಯುತ್ತದೆ. ಮೊದಲ ಸಲ ನಾನು ಕಾಕಾನನ್ನು ಅತಿಥಿಯ ಕುರ್ಚಿಯಲ್ಲಿ ಕೂರಿಸಿ, ಒಂದು ಎರಡು ಮೂರು ಹೇಳಿ ಅಂದೆ.

"ಎಣಿಸೋ ದನಿ ಬ್ಯಾರೆ, ಮಾತಾಡೋ ದನಿ ಬ್ಯಾರೆ," ಅಂದರು. "ಲೋಡು ಹಾಕದ ಮಷೀನು ಓಡಿಸಿ ನೋಡಿದ್ರ ಏನು ತಿಳೀತೈತಿ? ಖರೇನ ಮಾತಾಡಬೇಕು."

ಹಾಗೆ ಹೇಳಿ ಅವರು ನಿಜವಾಗಿಯೂ ಮಾತಾಡಲು ಶುರು ಮಾಡಿದರು. ಅಂದಿನಿಂದ ಪ್ರತಿ ಭಾನುವಾರ ಅದೇ ರೂಢಿಯಾಯಿತು. ಹನ್ನೆರಡಕ್ಕೆ ಬರುವುದು, ಕುರ್ಚಿಯಲ್ಲಿ ಕೂತು ಹತ್ತು ನಿಮಿಷ, ಕೆಲವೊಮ್ಮೆ ಕಾಲು ಗಂಟೆ ಮಾತಾಡುವುದು. ನಾನು ಎದುರಿಗೆ ಹೆಡ್‌ಫೋನ್ ಹಾಕಿಕೊಂಡು, ರೆಕಾರ್ಡ್ ಒತ್ತಿ, ಪಟ್ಟಿ ನೋಡುತ್ತಾ, ಗುಂಡಿ ತಿರುಗಿಸುತ್ತಾ ಹ್ಞೂಂ ಹ್ಞೂಂ ಅನ್ನುತ್ತಿದ್ದೆ. ಅತಿಥಿಯ ಹೆಜ್ಜೆ ಮೆಟ್ಟಿಲ ಮೇಲೆ ಕೇಳಿಸುತ್ತಲೇ ಅವರು ಏಳುತ್ತಿದ್ದರು. ಏಳುವ ಮೊದಲು ಒಂದು ಮಾತು ತಪ್ಪುತ್ತಿರಲಿಲ್ಲ.

"ಸೆಟ್ಟಿಂಗ್ ಪೀಸ್ ಡಬ್ಬಿಗೆ ಹಾಕು."

ಲೇತಿನ ಮೇಲೆ ಹೊಸ ಮಾಲು ಶುರು ಮಾಡುವಾಗ ಮೊದಲು ಕೊರೆದ ತುಂಡು ಸೆಟ್ಟಿಂಗ್ ಪೀಸು. ಅದನ್ನು ಅಳೆದು ನೋಡಿ ಯಂತ್ರ ಸರಿಪಡಿಸಿಕೊಂಡ ಮೇಲೆ ಆ ತುಂಡನ್ನು ಗುಜರಿ ಡಬ್ಬಿಗೆ ಎಸೆಯಬೇಕು. ಕಣ್ಣಿಗೆ ಎಷ್ಟೇ ಚೆನ್ನಾಗಿ ಕಂಡರೂ ಇಟ್ಟುಕೊಳ್ಳುವಂತಿಲ್ಲ. ಕಾಕಾ ಹೊಸದಾಗಿ ಸೆಟ್ಟರ್ ಆದಾಗ ಒಂದು ಸೆಟ್ಟಿಂಗ್ ಪೀಸು ಒಳ್ಳೆಯ ಮಾಲಿನಲ್ಲಿ ಸೇರಿಹೋಗಿ, ಗಿರಾಕಿ ಲೋಡಿಗೆ ಲೋಡೇ ವಾಪಸ್ ಕಳಿಸಿದ್ದನಂತೆ. ಎಲ್ಲರೆದುರು ಮಾಲೀಕನಿಂದ ಬೈಸಿಕೊಂಡಿದ್ದನ್ನು ಅವರು ಕೊನೆಯವರೆಗೂ ಮರೆಯಲಿಲ್ಲ.

ನಾನೂ ಒಮ್ಮೆ ಅದೇ ತಪ್ಪು ಮಾಡಿದೆ. ಯಾವುದೋ ಕಂತಿಗೆ ಅವಸರದಲ್ಲಿ ಕತ್ತರಿ ಹಾಕುವಾಗ ಅವರ ಅರ್ಧ ನಿಮಿಷದ ಮಾತು ಮುಂದೆಯೇ ಉಳಿದುಬಿಟ್ಟಿತು. ಅತಿಥಿ ಕ್ಯಾಬ್ ಡ್ರೈವರು, ಕಂತು ಶುರುವಾಗುವುದು ಬಾಗಲಕೋಟೆಯ ಮುದುಕರ ದನಿಯಿಂದ. ಯಾರೋ ಒಬ್ಬರು, "ಗುರು, ಈ ತಾತ ಯಾರು? ವಾಯ್ಸ್ ಸಕ್ಕತ್ತಾಗಿದೆ, ಇವರನ್ನೇ ಮಾತಾಡ್ಸಿ" ಎಂದು ಬರೆದರು. ಅದನ್ನು ಖುಷಿಯಿಂದ ಕಾಕಾಗೆ ಓದಿ ಹೇಳಿದೆ. ಅವರ ಮುಖ ಕಪ್ಪಿಟ್ಟಿತು.

"ನಾ ಏನಂತ ಹೇಳಿದ್ನಿ ನಿನಗ? ಸೆಟ್ಟಿಂಗ್ ಪೀಸ್ ಮಾಲಿನಾಗ ಸೇರಸಬ್ಯಾಡ ಅಂದಿದ್ನೋ ಇಲ್ಲೋ?"

ಅವತ್ತು ಸಂಜೆಯೇ ಆ ಕಂತನ್ನು ತೆಗೆದು, ಅವರ ಮಾತು ಕತ್ತರಿಸಿ, ಹೊಸದಾಗಿ ಹಾಕಿದೆ. ಮುಂದಿನ ಭಾನುವಾರ ಅವರು ಬರಲಿಲ್ಲ. ಕೆಳಗೆ ಹೋಗಿ ಕೈ ಮುಗಿದು ಕರೆದುಕೊಂಡು ಬಂದೆ. ಅಂದಿನಿಂದ ಅವರ ಕಣ್ಣೆದುರೇ ಫೈಲು ಅಳಿಸುತ್ತಿದ್ದೆ, ಲ್ಯಾಪ್‌ಟಾಪಿನ ಕಸದ ಬುಟ್ಟಿಯನ್ನೂ ಖಾಲಿ ಮಾಡುತ್ತಿದ್ದೆ. ಅದಾದ ಮೇಲೆಯೇ ಅವರು ಬಾಗಿಲ ಕಡೆ ಹೋಗುತ್ತಿದ್ದರು. ಒಮ್ಮೆ ಅತಿಥಿ ಮಾತಾಡುವಾಗ ಬಾಗಿಲ ಹೊರಗೆ ಕಾಕಾ ಕೆಮ್ಮಿದ್ದು ರೆಕಾರ್ಡಾಗಿತ್ತು. ಅದನ್ನೂ ಕಿತ್ತು ಹಾಕಿದೆ. ಹೊಲಿಗೆ ಎಲ್ಲಿ ಅಂತ ಯಾರಿಗೂ ಗೊತ್ತಾಗದಂತೆ ಕಿತ್ತಿದ್ದಕ್ಕೆ ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ನೀವೂ ಒಮ್ಮೆ ಅತಿಥಿಯಾಗಿ ಬನ್ನಿ ಕಾಕಾ ಅಂತ ನಾನು ಕರೆಯಲಿಲ್ಲವೆಂದಲ್ಲ. ಒಮ್ಮೆ ಕರೆದೆ. "ನಂದೇನೈತಿ ಹೇಳಾಕ," ಅಂದರು. ಅಂದ ಮೇಲೆ ಒಂದು ಕ್ಷಣ ಅಲ್ಲೇ ನಿಂತಿದ್ದರು. ಆ ವಾರದ ಅತಿಥಿಗೆ ದಾರಿ ಸಿಕ್ಕಿರಲಿಲ್ಲ, ನಾನು ಫೋನಿನಲ್ಲಿ ಬಲಕ್ಕೆ ತಿರುಗಿ ಎಡಕ್ಕೆ ತಿರುಗಿ ಎನ್ನುತ್ತಾ ಬಾಲ್ಕನಿಗೆ ಹೋದೆ. ಇನ್ನೊಮ್ಮೆ ಕರೆಯಬೇಕೆಂದು ನನಗೆ ಹೊಳೆಯಲಿಲ್ಲ. ಕೆಳಗಿನ ಮನೆಯವರಲ್ಲವೇ, ಎಲ್ಲಿ ಹೋಗುತ್ತಾರೆ.

ಕಳೆದ ಆಷಾಢದಲ್ಲಿ ಒಂದು ಮಂಗಳವಾರ ಬೆಳಿಗ್ಗೆ ಹಾಲು ತಂದಿಟ್ಟು, ಎದೆ ಯಾಕೋ ಹಿಡಿದಂತೆ ಆಗುತ್ತದೆ ಅಂದರಂತೆ. ಆಟೋ ಮುಖ್ಯರಸ್ತೆ ಮುಟ್ಟುವ ಮೊದಲೇ ಮುಗಿದುಹೋಗಿತ್ತು. ನಾನು ಆಫೀಸಿನಲ್ಲಿ ಯಾವುದೋ ಬೋಲ್ಟುಗಳ ಕೊಟೇಶನ್ ನೋಡುತ್ತಿದ್ದೆ. ಸುದ್ದಿ ತಿಳಿದು ಮನೆಗೆ ಬಂದಾಗ ಅವರನ್ನು ಒಳಗೆ ಮಲಗಿಸಿದ್ದರು. ಅಂಗಿ ಅದೇ, ಜೇಬು ಖಾಲಿ. ನಾನು ಅಷ್ಟು ಅತ್ತಿದ್ದು ನನ್ನ ಅಪ್ಪ ಹೋದಾಗಲೂ ಇಲ್ಲ. ಅಕ್ಕಪಕ್ಕದವರು, ಈ ಹುಡುಗಿ ಅವರಿಗೆ ಏನಾಗಬೇಕು ಎಂದು ಕೇಳಿಕೊಳ್ಳುತ್ತಿದ್ದರು.

ಕಾರ್ಯವೆಲ್ಲ ಮುಗಿದು, ಮಗಳು ಅಳಿಯ ಚಿಕ್ಕಬಾಣಾವರಕ್ಕೆ ಹೋದ ಮೇಲೆ ಒಂದು ಮಧ್ಯಾಹ್ನ ಕಾಕು ಮೇಲೆ ಬಂದರು. ಅವರು ಮೆಟ್ಟಿಲು ಹತ್ತಿ ನನ್ನ ಮನೆಗೆ ಬಂದಿದ್ದು ಅದೇ ಮೊದಲು. ಅತಿಥಿಯ ಕುರ್ಚಿಯಲ್ಲೇ ಕೂತರು. ನೀರು ಕೊಟ್ಟೆ, ಕುಡಿಯಲಿಲ್ಲ.

"ಯವ್ವಾ, ಒಂದು ಕೇಳಾಕ ಬಂದೀನಿ. ಅವರ ದನಿ ಬೇಕಾಗಿತ್ತು."

ನನಗೆ ಅರ್ಥವಾಗಲಿಲ್ಲ.

"ಮಗಳ ಲಗ್ನದ ವಿಡಿಯೋದಾಗ ಬರೇ ಹಾಡು ಹಾಕ್ಯಾರ, ಬಾಯಿ ಅಲ್ಲಾಡತೈತಿ, ಮಾತು ಕೇಳಂಗಿಲ್ಲ. ಫೋನಿನಾಗೂ ಏನಿಲ್ಲ, ಅವರ ಫೋನು ಸಣ್ಣದು. ನೀ ಪ್ರತಿ ಐತವಾರ ಮಿಷೀನ್ ಹಚ್ಚಿ ಮಾತಾಡಸ್ತಿದ್ದಿಯಲ್ಲ, ಅದರಾಗ ಇರತೈತಲ್ಲ? ಅದನ್ನ ನನಗ ಹಾಕಿ ಕೊಡು. ಎರಡು ಮಾತಾದ್ರೂ ಸಾಕು. ಮನಿ ಭಾಳ ಬಣಬಣ ಆಗೈತಿ."

ಹುಡುಕಿ ಕೊಡ್ತೀನಿ ಕಾಕು, ಎರಡು ದಿನ ಟೈಮ್ ಕೊಡಿ ಅಂದೆ. ಅನ್ನುವಾಗಲೇ ವಾರ ವಾರ ಅಳಿಸಿದ ಫೈಲುಗಳು ನೆನಪಾಗಿದ್ದವು. ಅವರು ಇಳಿದು ಹೋದ ಕೂಡಲೇ ಲ್ಯಾಪ್‌ಟಾಪ್ ತೆರೆದು ಕೂತೆ. ಫೋಲ್ಡರುಗಳೆಲ್ಲ ಎಷ್ಟು ಅಚ್ಚುಕಟ್ಟು ಅಂತೀರಿ. ನೂರರ ಹತ್ತಿರ ಜನ ಸಾಲಾಗಿ ನಿಂತಿದ್ದಾರೆ, ಪ್ರತಿಯೊಬ್ಬರ ಹೆಸರೂ ಇದೆ, ಊರೂ ಇದೆ. ಕಾಕಾ ಎಲ್ಲೂ ಇಲ್ಲ. ಮೊದಲು ರೆಕಾರ್ಡ್ ಆಗುವ ಮೆಮೊರಿ ಕಾರ್ಡಿನ ಮೇಲೆ ವಾರ ವಾರವೂ ಹೊಸದು ಬರೆದು ಹಳೆಯದು ಹೋಗಿದೆ. ಆಮೇಲೆ ಆ ಕ್ಯಾಬ್ ಡ್ರೈವರನ ಕಂತು ನೆನಪಾಗಿ ಜೀವ ಬಂದಂತಾಯಿತು. ಆದರೆ ನಾನೇ ತೆಗೆದು ಹಾಕಿದ ಮೇಲೆ ಅದು ಇನ್ನೆಲ್ಲಿ ಇರುತ್ತದೆ. ಈಗ ಇರುವುದು ಕತ್ತರಿಸಿದ ಕಂತು ಮಾತ್ರ. ಅಕ್ಕನಿಗೆ ಫೋನ್ ಮಾಡಿ ನಿನ್ನ ಮೊಬೈಲಿನಲ್ಲೇನಾದರೂ ಹಳೆಯದು ಉಳಿದಿದೆಯಾ ಎಂದು ಕೇಳಿದೆ. ಅವಳು ಆ ಕಂತನ್ನು ಕೇಳಿಯೇ ಇರಲಿಲ್ಲವಂತೆ.

ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಸಹೋದ್ಯೋಗಿಗೆ ಲ್ಯಾಪ್‌ಟಾಪನ್ನೂ ಕಾರ್ಡನ್ನೂ ಕೊಟ್ಟೆ. ಅಳಿಸಿದ್ದನ್ನು ಮತ್ತೆ ತೆಗೆಯುವ ಸಾಫ್ಟ್‌ವೇರ್ ಹಾಕಿ ಇಡೀ ದಿನ ಓಡಿಸಿ ನೋಡಿದ. "ಏನೂ ಸಿಗ್ತಿಲ್ಲ ಕಣ್ರೀ. ಪೂರ್ತಿ ಕ್ಲೀನ್ ಮಾಡ್ಬಿಟ್ಟಿದ್ದೀರ. ಇಷ್ಟು ನೀಟಾಗಿ ಯಾರೂ ಡಿಲೀಟ್ ಮಾಡಲ್ಲ," ಅಂದ. ಅವನು ಅದನ್ನು ಹೊಗಳಿಕೆಯ ಹಾಗೆಯೇ ಹೇಳಿದ. ಟಾಯ್ಲೆಟ್ಟಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಮೂರನೇ ದಿನ ಕಾಕು ತಾವೇ ಬಂದರು. ಕೈಯಲ್ಲಿ ಮಗಳ ಹಳೆಯ ಸ್ಮಾರ್ಟ್‌ಫೋನು, ಅದಕ್ಕೆ ಹಾಕಿ ಕೊಡಲೆಂದು. ಅದೇ ಕುರ್ಚಿಯಲ್ಲಿ ಕೂತರು. ನಾನು ನೆಲದ ಮೇಲೆ ಅವರ ಕಾಲ ಹತ್ತಿರ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅಳಿಸು ಅಂದರು, ಅಳಿಸಿದೆ, ಒಂದೂ ಉಳಿದಿಲ್ಲ ಕಾಕು. ಅವರು ಫೋನನ್ನು ಸೆರಗಿನಲ್ಲಿ ಒರೆಸಿ ಮಡಿಲಲ್ಲಿಟ್ಟುಕೊಂಡರು.

"ಹೋಗ್ಲಿ ಬಿಡು," ಅಂದರು. "ಅವರು ಹೇಳಿದ್ರು ಅಂದ್ರ ನೀ ಏನು ಮಾಡತಿ. ದನಿ ಇಲ್ಲಂದ್ರ ಇಲ್ಲ. ಏನು ಮಾತಾಡತಿದ್ರು, ಅದನ್ನರ ಹೇಳು. ಮನ್ಯಾಗ ಅವರು ಮಾತಾಡಿದವರಲ್ಲ. ಉಪ್ಪು ಕಡಿಮಿ, ನೀರು ಬಂತು, ಇಷ್ಟ. ಇಲ್ಲಿ ಕಾಲು ತಾಸು ಏನು ಮಾತಾಡತಿದ್ರವ್ವ?"

ಎರಡು ವರ್ಷದ ಭಾನುವಾರಗಳು. ಅವರ ದನಿ ಎಷ್ಟು ಏರುತ್ತಿತ್ತು ಎಂಬುದು ನನಗೆ ನೆನಪಿದೆ. ವಾಕ್ಯದ ಕೊನೆಗೆ ದನಿ ಇಳಿಸುತ್ತಿದ್ದರು, ಅಲ್ಲಿ ನಾನು ಗುಂಡಿಯನ್ನು ಚೂರು ಮೇಲೆತ್ತಬೇಕಿತ್ತು. ಒಮ್ಮೆಯೂ ಕೆಂಪು ಮುಟ್ಟಲಿಲ್ಲ. ಮಾತು ಮಾತ್ರ ನೆನಪಿಗೆ ಬರುವುದಿಲ್ಲ. ಒಂದು ಬಾವಿಯ ವಿಷಯ ಇತ್ತು. ತಮ್ಮ ಅಂತಲೋ ತಮ್ಮನ ಮಗ ಅಂತಲೋ ಯಾರೋ ಇದ್ದರು. ಹುಬ್ಬಳ್ಳಿಯ ಬಸ್‌ಸ್ಟ್ಯಾಂಡಿನಲ್ಲಿ ಬೆಳಗಿನವರೆಗೆ ಯಾರಿಗೋ ಕಾದಿದ್ದರು, ಅವರು ಬಂದರೋ ಇಲ್ಲವೋ ನನಗೆ ಗೊತ್ತಿಲ್ಲ. ಒಂದು ಭಾನುವಾರ ಮಾತಾಡುತ್ತಾ ಮಾತಾಡುತ್ತಾ ನಿಲ್ಲಿಸಿ, ಟವೆಲಿನಿಂದ ಕಣ್ಣು ಒರೆಸಿಕೊಂಡಿದ್ದರು. ನಾನು ತೆರೆಯಿಂದ ಕಣ್ಣು ಕೀಳದೆ, "ಕಾಕಾ, ನಿಲ್ಲಿಸ್ಬೇಡಿ, ಲೆವೆಲ್ ಇನ್ನೂ ಸಿಕ್ಕಿಲ್ಲ" ಅಂದಿದ್ದೆ. ಅವರು ಗಂಟಲು ಸರಿಮಾಡಿಕೊಂಡು ಮುಂದುವರಿಸಿದ್ದರು. ಏನು ಮುಂದುವರಿಸಿದರೋ ಆ ದೇವರಿಗೇ ಗೊತ್ತು.

ಸುಳ್ಳು ಹೇಳಬಹುದಿತ್ತು. ನಿಮ್ಮ ಬಗ್ಗೆಯೇ ಹೇಳುತ್ತಿದ್ದರು ಕಾಕು, ನಿಮ್ಮ ಕೈ ಅಡುಗೆ, ನಿಮ್ಮ ಮೊದಲ ದಿನಗಳು, ಹೀಗೆ. ನಾಲಿಗೆಯ ತುದಿಗೆ ಬಂದಿತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಆಗಲಿಲ್ಲ.

"ಕಾಕು, ನಾನು ಕೇಳಿಸ್ಕೊಂಡಿಲ್ಲ. ದನಿ ಮಾತ್ರ ನೋಡ್ತಿದ್ದೆ. ಹ್ಞೂಂ ಅಂತಿದ್ದೆ, ಅಷ್ಟೇ. ಅವರಿಗೆ ಗೊತ್ತಾಗ್ಲಿಲ್ಲ ಅನ್ಸುತ್ತೆ."

ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ಅವರು ಕೈ ಚಾಚಿ ನನ್ನ ತಲೆಯ ಮೇಲಿಟ್ಟರು.

"ಗೊತ್ತಾಗಿರತೈತಿ. ಮದುವಿ ಆದ ಹೊಸದಾಗ ನನ್ನ ಮುಂದನೂ ಭಾಳ ಮಾತಾಡತಿದ್ರು. ಕೆಲಸದಿಂದ ಬಂದು ಒಲಿ ಮುಂದ ಕುಂತು ಹೇಳತಿದ್ರು. ನಾ ರೊಟ್ಟಿ ಬಡಕೋತ ಹ್ಞೂಂ ಅಂತಿದ್ನಿ. ಆ ಸಪ್ಪಳದಾಗ ಏನು ಕೇಳತೈತಿ? ನಾ ಕೇಳವಲ್ಲೆ ಅಂತ ಗೊತ್ತಾಗಿ ಒಂದಿನ ಸುಮ್ಮನಾದ್ರು."

ಅವರು ಎದ್ದು ನಿಂತರು. ಬಾಗಿಲವರೆಗೆ ಹೋಗಿ, ಹೊಸ್ತಿಲ ಹತ್ತಿರ ನಿಂತು ನನ್ನ ಕಡೆ ತಿರುಗಿದರು.

"ನಿನ್ನ ಮುಂದ ಗೊತ್ತಿದ್ದೂ ಮಾತಾಡ್ಯಾರ ನೋಡವ್ವ."